ಎಣ್ಣೆ ಬಿಡದ ಬಟ್ಟೆ

ಮಾರ್ಚ್ 4, ಸೋಮವಾರ

ಡಾಕ್ಟರು ನನ್ನ ಬಲಗೈ ಹಿಡಿದು ಮೇಲೆತ್ತಿದರು. ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಎತ್ತಿದರು. ಅವರ ಮುಖದ ಮೇಲೇ ಬೈದುಬಿಟ್ಟೆ. ಹೆಗಲಿನ ಕೀಲು ಬಿಗಿದುಕೊಂಡಿದೆಯಂತೆ. ವರ್ಷಗಟ್ಟಲೆ ಇಸ್ತ್ರಿ ತಿಕ್ಕಿ, ಒದ್ದೆ ಬಟ್ಟೆ ಎತ್ತಿ ಹಾಕಿದ್ದರ ಫಲ. ಮಾತ್ರೆ ಕೊಟ್ಟರು, ಬೆರಳಿನಿಂದ ಗೋಡೆ ಹತ್ತುವ ವ್ಯಾಯಾಮ ಹೇಳಿಕೊಟ್ಟರು, ಕೊನೆಗೆ "ಕಲಿತವರ ಹತ್ರ ಮಸಾಜ್ ಮಾಡಿಸ್ಕೊಳ್ಳಿ" ಅಂದರು. ಮಾತ್ರೆ ನುಂಗುತ್ತೇನೆ, ಗೋಡೆ ಹತ್ತುತ್ತೇನೆ. ಯಾರೋ ಗುರುತಿಲ್ಲದವರು ಎಣ್ಣೆ ಹಚ್ಚಿ ನನ್ನ ಮೈ ಹಿಸುಕುವುದನ್ನು ಮಾತ್ರ ಸಹಿಸಲಾರೆ.

ಮನುಷ್ಯರ ಮೈ ಎಂದರೆ ಏನು ಅಂತ ಲಾಂಡ್ರಿಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲರಿನ ಜಿಡ್ಡು, ಕಂಕುಳಿನ ಹಳದಿ ಕಲೆ, ದಿಂಬಿನ ಮೇಲೆ ಒಣಗಿದ ಜೊಲ್ಲು. ದೊಡ್ಡ ಮನುಷ್ಯರು ಸೆಂಟು ಹೊಡೆದುಕೊಂಡು ಬಂದು ಕೌಂಟರಿನ ಮೇಲೆ ಗಂಟು ಇಟ್ಟು ಹೋಗುತ್ತಾರೆ. ಗಂಟು ಬಿಚ್ಚಿದರೆ ಎಲ್ಲರೂ ಒಂದೇ. ಅದರಲ್ಲೂ ಹೊಟ್ಟೆ ತೊಳಸುವುದು ಹಿಂದಿನ ಬೀದಿಯ ಮಸಾಜ್ ಸೆಂಟರಿನಿಂದ ಬರುವ ಗಂಟು. ಬೆಡ್‌ಶೀಟಿನ ಮೇಲೆ ಒಬ್ಬೊಬ್ಬರ ಬೆನ್ನು, ಪೃಷ್ಠ, ಹಿಮ್ಮಡಿ ಎಣ್ಣೆಯಲ್ಲಿ ಅಚ್ಚೊತ್ತಿರುತ್ತದೆ. ಬಿಸಿನೀರಿಗೆ ಸೋಡಾ ಹಾಕಿ ಚೆನ್ನಾಗಿ ನೆನೆಸದಿದ್ದರೆ ಎಣ್ಣೆ ಬಿಡುವುದಿಲ್ಲ, ಬಿಡದೆ ಉಳಿದ ಎಣ್ಣೆ ಕಮಟು ಹೊಡೆಯುತ್ತದೆ. ಅದಕ್ಕೇ ಮಡಿಸುವ ಮುಂಚೆ ಒಂದೊಂದನ್ನೂ ಮೂಗಿಗೆ ಹಿಡಿದು ಮೂಸಿ ನೋಡುವುದು ನಮ್ಮ ಅಂಗಡಿಯ ಪದ್ಧತಿ. ಒಗೆಯುವುದು ಅಕ್ಕನ ಕೆಲಸ, ಮೂಸಿ ಮಡಿಸುವುದು ನನ್ನದು. ಕೈ ಬಿದ್ದ ಮೇಲೆ ಎರಡೂ ಅಕ್ಕನ ತಲೆಗೆ ಬಂದಿವೆ. ನಾನು ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಮುಖ ಗಂಟಿಕ್ಕುತ್ತೇನೆ.

ಅಂಗಡಿ ನಮ್ಮಿಬ್ಬರದೇ. ಭಾವ ತೀರಿಕೊಂಡ ಮೇಲೆ ಅಕ್ಕ ಶುರುಮಾಡಿದ್ದು, ಜೊತೆಗೆ ನಾನು ಸೇರಿಕೊಂಡೆ. ನಾನು ಮದುವೆಯಾಗಲಿಲ್ಲ, ಆಗಬೇಕು ಅನ್ನಿಸಲೂ ಇಲ್ಲ. ಬೇಸಿಗೆ ಮುಗಿಯುವುದರೊಳಗೆ ಕೈ ಮೇಲೇಳದಿದ್ದರೆ ಅಂಗಡಿ ಮುಚ್ಚೋಣ ಅಂತ ಹೇಳಿಬಿಟ್ಟಿದ್ದೇನೆ. ಒಬ್ಬಳೇ ಎಷ್ಟು ದಿನ ಏಗುತ್ತಾಳೆ? ಚಳಿಗಾಲದಲ್ಲಿ ಜ್ವರ ಹಿಡಿದು ಮಲಗಿದ್ದವಳು ಇನ್ನೂ ಮೊದಲಿನ ಹಾಗಾಗಿಲ್ಲ. ಮುಚ್ಚುವ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಾಳೆ.

ಡಾಕ್ಟರ ಹತ್ತಿರದಿಂದ ಬರುವಷ್ಟರಲ್ಲಿ ಅಕ್ಕ ಮಸಾಜ್ ಸೆಂಟರಿನವರ ಜೊತೆ ಮಾತಾಡಿ ಮುಗಿಸಿದ್ದಳು. "ನಿಮ್ಮ ಬಟ್ಟೆ ನಾವು ಉಜ್ತೀವಿ, ನಮ್ಮ ಹುಡುಗೀನ ನೀವು ಉಜ್ಜಿ ಅಂದೆ. ಒಪ್ಕೊಂಡ್ರು. ವಾರಕ್ಕೊಂದು ಸಲ ಹೋಗು."

ಐವತ್ತು ದಾಟಿದ ಹುಡುಗಿ ನಾನು. ಹೇಳಿದ್ದೂ ಬಾಗಿಲಲ್ಲೇ ನಿಂತು. ಈಚೆಗೆ ಅದೊಂದು ಒಳ್ಳೆಯದಾಗಿದೆ, ಮಾತಿಗೊಮ್ಮೆ ಬಂದು ಕೆನ್ನೆ ಹಿಂಡುವುದು, ಬೆನ್ನು ತಟ್ಟುವುದು ಬಿಟ್ಟಿದ್ದಾಳೆ. ಹುಟ್ಟಿದಾಗಿನಿಂದ ಬೇಡ ಬೇಡ ಅಂದಿದ್ದಕ್ಕೆ ಈಗ ಬುದ್ಧಿ ಬಂತು.

ಮಾರ್ಚ್ 7, ಗುರುವಾರ

ಹೋಗಿಬಂದೆ. ಎರಡು ಸಲ ಸ್ನಾನ ಮಾಡಿದೆ. ಎಣ್ಣೆ ಇನ್ನೂ ಕಿವಿಯ ಹಿಂದೆ ಇದೆ.

ಮಸಾಜ್ ಮಾಡುವವಳಿಂದ ಮೊದಲು ಪ್ರಶ್ನೆಗಳು. ಬಿಪಿ ಇದೆಯಾ, ಆಪರೇಷನ್ ಏನಾದರೂ ಆಗಿದೆಯಾ, ಚರ್ಮಕ್ಕೆ ಏನಾದರೂ ಆಗದೇ ಇದೆಯಾ, ಗರ್ಭಿಣಿಯಾ? ಕೊನೆಯದನ್ನು ಕೇಳಿದಾಗ ಅವಳ ಮುಖವನ್ನೇ ನೋಡಿದೆ. ತಮಾಷೆಯಲ್ಲ, ಎಲ್ಲರನ್ನೂ ಕೇಳುತ್ತಾಳಂತೆ. ಗಟ್ಟಿ ಹೆಂಗಸು, ತೋಳು ನನ್ನ ತೊಡೆಯಷ್ಟಿದೆ. ಹೆಸರು ಹೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಹೆಬ್ಬೆರಳು ಅಂತಿರಲಿ. ಅದರ ಪರಿಚಯವೇ ಚೆನ್ನಾಗಿ ಆಗಿದ್ದು.

"ನಿಮಗೆ ಎಷ್ಟು ಸರಿ ಅನ್ಸುತ್ತೋ ಅಷ್ಟೇ ಬಟ್ಟೆ ತೆಗೀರಿ. ಶೀಟ್ ಹೊದ್ಕೊಂಡು ಬೋರಲು ಮಲಗಿ. ನಾನು ಬಾಗಿಲು ತಟ್ಟೇ ಒಳಗೆ ಬರೋದು," ಎಂದು ಹೊರಗೆ ಹೋದಳು.

ನನಗೆ ಸರಿ ಅನ್ನಿಸಿದ್ದು ಸ್ವೆಟರ್ ಮಾತ್ರ. ಅದನ್ನು ತೆಗೆದು ಕುತ್ತಿಗೆವರೆಗೆ ಹೊದ್ದು ಮಲಗಿದೆ. ಒಳಗೆ ಬಂದವಳು ನಗಲಿಲ್ಲ. "ಬ್ಲೌಸ್ ಮೇಲೆ ಎಣ್ಣೆ ಆಗುತ್ತಲ್ಲ ಮೇಡಂ," ಅಂದಳು, ಅಷ್ಟೇ. ಎಣ್ಣೆ ಕಲೆ ಎಂದ ಕೂಡಲೇ ಎದ್ದು ತೆಗೆದೆ. ವೃತ್ತಿ ಮರ್ಯಾದೆ.

ಮೇಜಿನ ತಲೆಯ ಕಡೆ ಒಂದು ತೂತು, ಅದರೊಳಗೆ ಮುಖ ಇಡಬೇಕು. ಎಷ್ಟು ಜನರ ಮುಖ ಅಲ್ಲಿ ಬೆವತಿದೆಯೋ. ತೂತಿನಿಂದ ಕಾಣುವುದು ನೆಲ, ಮತ್ತೆ ಆಗಾಗ ಬಂದು ಹೋಗುವ ಅವಳ ಪ್ಲಾಸ್ಟಿಕ್ ಚಪ್ಪಲಿ. ಒಂದು ಬೆರಳಿನ ಉಗುರು ಕಪ್ಪಗಿದೆ. ಉಜ್ಜುವ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಯೇ ಇಡುತ್ತಾಳೆ, ಅದು ಸುಳ್ಳಲ್ಲ. ಆದರೆ ಆ ಶೀಟು! ಮೂಗಿನ ಕೆಳಗೇ ಕಮಟು ವಾಸನೆ. ನನಗಿಂತ ಮುಂಚೆ ಮಲಗಿ ಎದ್ದವನ ಬಟ್ಟೆ ಬದಲಾಯಿಸಿಲ್ಲ, ಖಂಡಿತ.

"ಒತ್ತಡ ಸರಿ ಇದ್ಯಾ? ಹತ್ತರಲ್ಲಿ ಎಷ್ಟು ನೋವಿದೆ ಹೇಳಿ," ಎಂದು ನಾಲ್ಕಾರು ಸಲ ಕೇಳಿದಳು. ಪ್ರಾಣ ಹೋಗುತ್ತಿತ್ತು. "ಮೂರು," ಅಂದೆ. ಇಂಥವಳ ಮುಂದೆ ಅಯ್ಯೋ ಅನ್ನುವುದೇ?

"ನಾಳೆ ಮೈ ಸ್ವಲ್ಪ ನೋಯಬಹುದು. ನೀರು ಚೆನ್ನಾಗಿ ಕುಡೀರಿ."

ಮಾರ್ಚ್ 8, ಶುಕ್ರವಾರ

ಸ್ವಲ್ಪವಂತೆ ಸ್ವಲ್ಪ. ಕರೆದು ಹೊಡೆಸಿಕೊಂಡ ಹಾಗಿದೆ.

ಬೆಳಗಿನ ಟೀಗೆ ಹಾಕಿದ ಹಾಲು ಕೆಟ್ಟಿತ್ತು. ಒಂದು ಗುಟುಕಿಗೆ ಉಗಿದೆ. ಅಕ್ಕ ಅದೇ ಟೀಯನ್ನು ಲೋಟ ತುಂಬ ಕುಡಿದು ಮುಗಿಸಿದ್ದಳು. "ಯಾಕೆ, ಚೆನ್ನಾಗಿಲ್ವಾ?" ಅಂತ ಬೇರೆ ಕೇಳಿದಳು. ಅವಳ ನಾಲಿಗೆಯನ್ನು ಚಪ್ಪಲಿಯ ಅಟ್ಟೆಯಲ್ಲಿ ಮಾಡಿರಬೇಕು.

ಮಾರ್ಚ್ 14, ಗುರುವಾರ

ಇವತ್ತು ಜಗಳಕ್ಕೆ ತಯಾರಾಗಿಯೇ ಹೋದೆ. ಮೇಜಿನ ಹತ್ತಿರ ಬಗ್ಗಿ ಮೂಸಿದೆ. ಅದೇ ನಾತ.

"ಬೇರೆಯವರು ಮಲಗೆದ್ದ ಬಟ್ಟೆ ಮೇಲೆ ನನ್ನನ್ನ ಮಲಗಿಸ್ತೀರಾ? ನಾನೇನು ಬಿಟ್ಟಿ ಬಂದಿದೀನಾ?"

ಹೆಬ್ಬೆರಳು ಕಪಾಟು ತೆರೆದು, ಕಾಗದದ ಪಟ್ಟಿ ಸುತ್ತಿದ್ದ ಹೊಸ ಮಡಿಕೆ ತೆಗೆದು, ನನ್ನ ಕಣ್ಣೆದುರೇ ಪಟ್ಟಿ ಹರಿದು ಕೊಡವಿದಳು. ಅದರೊಳಗಿಂದಲೂ ಕಮಟು ವಾಸನೆ ಎದ್ದು ಬಂತು. ಅಂಚಿನಲ್ಲಿ ನೀಲಿ ದಾರದ ಗುರುತು. ನಾನೇ ಹೊಲಿದ ಗುರುತು.

"ಈಗೀಗ ಹೀಗೇ ಬರ್ತಿದೆ ಮೇಡಂ," ಅಂದಳು. "ಹೇಳೋಣ ಅಂದ್ಕೊಂಡ್ವಿ. ನಿಮ್ಮಕ್ಕ ಗಂಟು ಹೊತ್ಕೊಂಡು ನಗ್ತಾ ಬರ್ತಾರೆ, ಹೇಳೋಕೆ ಮನಸ್ಸು ಬರ್ಲಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೂತಿನೊಳಗೆ ಮುಖ ಇಟ್ಟೆ. ಇವತ್ತು ಆ ತೂತು ಇದ್ದದ್ದು ಉಪಕಾರವೇ ಆಯಿತು.

"ಹತ್ತರಲ್ಲಿ ಎಷ್ಟು?"

"ಒಂಬತ್ತು."

"ಹೋದ್ಸಲ ಇಷ್ಟೇ ಒತ್ತಿದ್ದಕ್ಕೆ ಮೂರು ಅಂದ್ರಿ?"

"ಹೋದ್ಸಲ ಸುಳ್ಳು ಹೇಳ್ದೆ."

ಕೈ ಹಗುರ ಮಾಡಿದಳು. "ನೀವು ನಿಜ ಹೇಳಿದ್ರೇನೆ ನಂಗೆ ಗೊತ್ತಾಗೋದು. ನಿಮ್ಮ ಹೆಗಲೊಳಗೆ ನಾನು ಕೂತಿಲ್ವಲ್ಲ," ಅಂದಳು. ಆಮೇಲೆ ನಾನು ನಿದ್ದೆ ಹೋದೆನಂತೆ. ಎದ್ದಾಗ ತೂತಿನ ಕೆಳಗೆ ನೆಲದ ಮೇಲೆ ಜೊಲ್ಲಿನ ಹನಿ. ನನ್ನದೇ. ಚಪ್ಪಲಿಯಿಂದ ಒರೆಸಿ ಬಂದೆ.

ಮಾರ್ಚ್ 15, ಶುಕ್ರವಾರ

ಅಂಗಡಿಗೆ ಹೋದವಳೇ ಮಡಿಸಿಟ್ಟ ರಾಶಿಗೆ ಮೂಗು ಹಾಕಿದೆ. ಥೂ.

"ಅಕ್ಕ, ಇದನ್ನ ಮೂಸಿ ನೋಡಿ ಮಡಚಿದ್ಯಾ?"

"ನೋಡ್ದೆ ಕಣೇ. ಚೆನ್ನಾಗೇ ಇದೆ."

"ಈಗ ನೋಡು." ಒಂದನ್ನು ಅವಳ ಮುಖಕ್ಕೆ ಹಿಡಿದೆ.

ದೀರ್ಘವಾಗಿ ಉಸಿರೆಳೆದಳು. ನನ್ನ ಮುಖ ನೋಡಿದಳು. "ಸ್ವಲ್ಪ... ಇದೆ ಅಲ್ವಾ?" ಅಂದಳು, ಪಾಠ ಒಪ್ಪಿಸಲು ಬಾರದವಳ ಹಾಗೆ.

ಮೈಯೆಲ್ಲ ಉರಿದುಹೋಯಿತು. ಸೋಡಾ ನೀರಿನಲ್ಲಿ ಬಟ್ಟೆ ಇನ್ನೆಷ್ಟು ಹೊತ್ತು ನೆನೆಯಬೇಕು ಅನ್ನುವುದನ್ನು ದೂರದಿಂದಲೇ ಮೂಗಿನಲ್ಲಿ ಹೇಳುತ್ತಿದ್ದವಳು ಇವಳು. ಈಗ ಮೈಗಳ್ಳತನ. ಕಣ್ಣೆದುರೇ ಸುಳ್ಳು. ಬಾಯಿಗೆ ಬಂದ ಹಾಗೆ ಅಂದೆ. ಕೊಳಕಿ ಅಂದೆ. ಅವಳು ರಾಶಿಯನ್ನೆಲ್ಲ ಎತ್ತಿಕೊಂಡು ಹೋಗಿ ಮತ್ತೆ ನೀರಿಗೆ ಹಾಕಿದಳು.

ಮಾರ್ಚ್ 18, ಸೋಮವಾರ

ಮಾತಿಲ್ಲ. ಊಟ ಇಟ್ಟು ಮೇಜಿನ ಆ ತುದಿಗೆ ಹೋಗಿ ಕೂರುತ್ತಾಳೆ. ದಿನಕ್ಕೆ ಎರಡು ಹೊತ್ತು ಸ್ನಾನ. ಮೇಲೆ ಡಬ್ಬಿಗಟ್ಟಲೆ ಪೌಡರು. ಅವಳು ಹಾದುಹೋದರೆ ನನಗೆ ಸೀನು ಬರುತ್ತದೆ. ಬಟ್ಟೆ ಕಮಟುತ್ತಿದೆ, ಇವಳಿಗೆ ಅಲಂಕಾರ.

ಮಾರ್ಚ್ 21, ಗುರುವಾರ

ಮಸಾಜ್ ಸೆಂಟರಿನ ಯಜಮಾನಿ ಬಾಗಿಲಲ್ಲೇ ಹಿಡಿದಳು. ಗಿರಾಕಿಗಳು ದೂರುತ್ತಿದ್ದಾರಂತೆ. ಈ ತಿಂಗಳು ನೋಡುತ್ತಾಳಂತೆ, ಆಮೇಲೆ ಬೇರೆ ಲಾಂಡ್ರಿ. ಇವರ ಗಂಟು ಹೋದರೆ ನಮ್ಮ ಅಂಗಡಿಯಲ್ಲಿ ಉಳಿಯುವುದು ನಾಲ್ಕು ಶರಟು, ಎರಡು ಪರದೆ. ನನ್ನ ಕೈ ಏಳುವುದನ್ನು ಕಾಯುವ ಅಗತ್ಯವೇ ಇರುವುದಿಲ್ಲ.

"ನಿಮ್ಮಕ್ಕಂಗೆ ವಯಸ್ಸಾಯ್ತೇನೋ," ಅಂದಳು.

"ಅಕ್ಕ ಒಗೆಯೋದ್ರಲ್ಲಿ ತಪ್ಪಿಲ್ಲ. ಮೂಸಿ ಮಡಚೋದು ನಾನು. ನಂಗೆ ನೆಗಡಿ ಇತ್ತು," ಅಂದೆ. ಯಾಕೆ ಹಾಗೆ ಹೇಳಿದೆನೋ. ಅವಳ ಮೇಲೆ ನನಗಿರುವ ಕೋಪ ನನ್ನದು. ಈ ಹೆಂಗಸು ಯಾರು?

ಹೆಬ್ಬೆರಳು ಇವತ್ತು ಕಂಕುಳಿಗೆ ಕೈ ಹಾಕಿದಳು. ಮೊದಲೇ ಹೇಳಿ, ಕೇಳಿ, ನಾನು ಹೂಂ ಅಂದ ಮೇಲೇ. ಆದರೂ ಕಂಕುಳು ಕಂಕುಳೇ. ರೆಕ್ಕೆ ಮೂಳೆಯ ಕೆಳಗೆ ಎಲ್ಲೋ ಬೆರಳು ಊರಿ ಸುಮ್ಮನೆ ಹಿಡಿದುಕೊಂಡಳು. ಅಳುವಂಥದ್ದು ಏನೂ ಇರಲಿಲ್ಲ. ಕಣ್ಣು, ಮೂಗು ಎಲ್ಲ ಸೇರಿ ಸುರಿಯತೊಡಗಿತು, ತೂತಿನಿಂದ ಸೀದಾ ನೆಲಕ್ಕೆ. ಅವಳು ಕಾಲಿನಿಂದ ಟಿಶ್ಯೂ ಡಬ್ಬಿಯನ್ನು ನನ್ನ ಮುಖದ ಕೆಳಗೆ ತಳ್ಳಿದಳು.

"ಎಲ್ಲಾರಿಗೂ ಆಗುತ್ತೆ."

ಎಲ್ಲರ ಜೊತೆ ಸೇರುವುದು ನನಗೆ ಇಷ್ಟವಿಲ್ಲ. ಬಟ್ಟೆಯೊಂದಿಗೆ ಬರುವ ಎಲ್ಲರ ಸಿಂಬಳ ಇಷ್ಟು ವರ್ಷ ನೋಡಿದ್ದೇನೆ, ಸಾಕು.

ಮಾರ್ಚ್ 22, ಶುಕ್ರವಾರ

ಅಕ್ಕನಿಗೆ ಹೇಳಿದೆ: ತಿಂಗಳ ಕೊನೆಯವರೆಗೆ ಗಡುವು. ಮುಖ ಬಿಳಿಚಿಕೊಂಡಿತು. "ಸರಿ ಮಾಡ್ತೀನಿ. ಅಂಗಡಿ ಮುಚ್ಚೋ ಮಾತು ಮಾತ್ರ ಎತ್ತಬೇಡ," ಅಂದಳು. ನನ್ನನ್ನು ಮಡಿಸುವ ಮೇಜಿನ ಹತ್ತಿರ ಬಿಡುವುದಿಲ್ಲ. ಕೈ ನೋವಂತೆ ನನಗೆ. ನನ್ನ ಕೈಯ ಮೇಲೆ ಅಷ್ಟು ಕಾಳಜಿ.

ಮಾರ್ಚ್ 28, ಗುರುವಾರ

ಅಕ್ಷರ ಸೊಟ್ಟಗಿದೆ.

ಮಸಾಜ್ ಮುಗಿಸಿ ಬರುತ್ತಿದ್ದೆ. ಬೀದಿಯ ತಿರುವಿನಲ್ಲೇ ಮೂಗಿಗೆ ಬಡಿಯಿತು. ಬಾಣಲೆಯಲ್ಲಿ ಎಣ್ಣೆ ಸುಟ್ಟು ಕರಕಲಾದ ವಾಸನೆ, ಅದರ ಜೊತೆ ಸುಟ್ಟ ಹತ್ತಿಯ ವಾಸನೆ. ಎಣ್ಣೆ ಪೂರ್ತಿ ಬಿಡದ ಬಟ್ಟೆಯನ್ನು ಡ್ರೈಯರಿನಿಂದ ಬಿಸಿಬಿಸಿ ತೆಗೆದು, ಆರಲು ಬಿಡದೆ ಒತ್ತಾಗಿ ಪೇರಿಸಿದರೆ ಒಳಗೊಳಗೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಲಾಂಡ್ರಿಯವರಿಗೆಲ್ಲ ಗೊತ್ತಿರುವ ವಿಷಯ. ನನಗೆ ಹೇಳಿಕೊಟ್ಟವಳೇ ಅಕ್ಕ.

ಓಡಿದೆ. ಅಕ್ಕ ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತು ಶರಟಿಗೆ ಗುಂಡಿ ಹೊಲಿಯುತ್ತಿದ್ದಳು. ಏನೋ ಗುನುಗುತ್ತಿದ್ದಳು. ಅವಳ ತಲೆಯ ಮೇಲಿನ ಹಲಗೆಯಲ್ಲಿ ಮಸಾಜ್ ಸೆಂಟರಿನ ಶೀಟುಗಳ ರಾಶಿ, ನಡುವೆ ಕಂದು ಬಣ್ಣ, ಅಲ್ಲಿಂದ ಎಳೆಯಾಗಿ ಹೊಗೆ. ಅಂಗಡಿಯೆಲ್ಲ ನಾತ. ಅವಳು ನನ್ನನ್ನು ನೋಡಿ ನಕ್ಕಳು!

"ಏಳೇ ಮೇಲೆ!" ಎಂದು ಕಿರುಚಿ ಅವಳನ್ನು ಪಕ್ಕಕ್ಕೆ ತಳ್ಳಿದೆ. ಹಲಗೆಯ ಮೇಲಿನ ರಾಶಿಯನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದು ನೆನೆಸುವ ತೊಟ್ಟಿಗೆ ಹಾಕಿದೆ. ಚುಂಯ್ ಅಂತು. ನಡುವಿನವು ಕಪ್ಪಾಗಿ ಪುಡಿಪುಡಿಯಾಗಿದ್ದವು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಬೆಂಕಿ ನೇರ ಅವಳ ತಲೆಯ ಮೇಲೆ.

"ಮೂಗಿಲ್ವಾ ನಿಂಗೆ? ಮೂಗಿಲ್ವಾ?" ಅಂತ ಅರಚಿದೆ.

"ಇಲ್ಲ ಕಣೇ," ಅಂದಳು ಅಕ್ಕ.

ಗುಂಡಿ ಇನ್ನೂ ಕೈಯಲ್ಲೇ ಇತ್ತು. ಅದನ್ನೇ ನೋಡುತ್ತ ಹೇಳಿದಳು. "ಜ್ವರ ಬಂದಾಗ ವಾಸನೆ ಹೋಗಿದ್ದು. ಬರುತ್ತೆ ಬರುತ್ತೆ ಅಂತ ಕಾದೆ, ಬರ್ಲೇ ಇಲ್ಲ. ಸೋಪೂ ಇಲ್ಲ, ಸೋಡಾನೂ ಇಲ್ಲ, ಹೊಗೇನೂ ಇಲ್ಲ. ಎರಡೆರಡು ಸಲ ಒಗೆದೆ, ಡ್ರೈಯರ್ ಜೋರು ಮಾಡ್ದೆ, ಎಣ್ಣೆ ಹೋಯ್ತು ಅಂದ್ಕೊಂಡೆ."

"ಹೇಳೋಕೆ ಏನಾಗಿತ್ತು?"

"ನಿನ್ನ ಕೈ ಬಿದ್ದಿತ್ತು. ನನ್ನ ಮೂಗೂ ಬಿತ್ತು ಅಂದಿದ್ರೆ ಮಾರನೇ ದಿನಾನೇ ಅಂಗಡಿ ಮುಚ್ತಿದ್ದೆ ನೀನು. ಆಮೇಲೆ ಬೆಳಗಾಗೆದ್ದು ನಾವಿಬ್ರೂ ಏನು ಮಾಡೋದು ಹೇಳು?"

ಸುಟ್ಟ ಬಟ್ಟೆಯ ನೀರನ್ನು ಇಬ್ಬರೂ ಸೇರಿ ಮೋರಿಗೆ ಚೆಲ್ಲಿದೆವು. ಕಪ್ಪು, ಜಿಡ್ಡು.

ಮಾರ್ಚ್ 30, ಶನಿವಾರ

ಮಸಾಜ್ ಸೆಂಟರಿಗೆ ನಾವಿಬ್ಬರೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಸುಟ್ಟುಹೋದ ಶೀಟುಗಳ ಬದಲಿಗೆ ಹೊಸದು ಕೊಡುತ್ತೇವೆ ಅಂದೆವು. ಯಜಮಾನಿ ಮುಖ ಊದಿಸಿಕೊಂಡಳು. ಹೆಬ್ಬೆರಳು ನಾವು ತಂದಿದ್ದ ಗಂಟು ಬಿಚ್ಚಿ, ಒಂದು ಶೀಟು ತೆಗೆದು ಮೂಸಿ, ಇನ್ನೊಂದನ್ನೂ ಮೂಸಿ, "ಇದರ ಮೇಲೆ ನಾನೇ ಮಲಗ್ತೀನಿ," ಅಂದಳು. ಗಂಟು ಉಳಿಯಿತು. ಅದನ್ನೆಲ್ಲ ನಿನ್ನೆ ನಾನೇ ಮೂಸಿದ್ದು. ಅಕ್ಕ ಹಿಡಿದುಕೊಳ್ಳುತ್ತಾಳೆ, ನಾನು ಮೂಸುತ್ತೇನೆ, ಅವಳು ಮಡಿಸುತ್ತಾಳೆ. ಇನ್ನು ಹೀಗೇ.

ಮೂಗಿನ ಡಾಕ್ಟರು ವಾಸನೆ ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ಅಷ್ಟು ಹೇಳಲು ಅವರೇ ಬೇಕಿತ್ತೇ?

ದಾರಿಯಲ್ಲಿ ಅಕ್ಕ ಇನ್ನೊಂದು ಮಾತು ಹೇಳಿದಳು. "ಊಟದ ರುಚಿ ಹೋದ್ರೂ ಪರ್ವಾಗಿಲ್ಲ ಕಣೇ. ನನ್ನ ಮೈ ನಾರ್ತಿದ್ಯೋ ಇಲ್ವೋ ಅಂತ ನಂಗೇ ಗೊತ್ತಾಗಲ್ಲ. ನಿಂಗೋ, ಎಲ್ಲಾನೂ ಹೇಸಿಗೆ. ಅದಕ್ಕೇ ದೂರ ಇರ್ತಿದ್ದೆ."

ಪೌಡರು. ಎರಡು ಹೊತ್ತಿನ ಸ್ನಾನ. ಮೇಜಿನ ಆ ತುದಿ. ಮನೆಗೆ ಬಂದು ಪೌಡರ್ ಡಬ್ಬಿಯನ್ನು ಕಸಕ್ಕೆ ಹಾಕಿದೆ. ಸೀನಿ ಸೀನಿ ಸಾಕಾಗಿದೆ ನನಗೆ.

ಏಪ್ರಿಲ್ 4, ಗುರುವಾರ

ಹೆಬ್ಬೆರಳು ನನ್ನ ಕೈ ಹಿಡಿದು ಎತ್ತಿದಳು. ಕಿವಿಯ ಹತ್ತಿರದವರೆಗೆ ಹೋಯಿತು. ಅವಳಿಗೇ ಆಶ್ಚರ್ಯ. "ಮೊದಲು ಇಷ್ಟು ಬರ್ತಿರ್ಲಿಲ್ವಲ್ಲ! ಈಚೆಗೆ ಏನಾದ್ರೂ ಎತ್ತಿದ್ರಾ?" ಅಂತ ಕೇಳಿದಳು. ಏನೂ ಇಲ್ಲ ಅಂದೆ. ಗೋಡೆ ಹತ್ತುವ ವ್ಯಾಯಾಮದಿಂದ ಇರಬೇಕು. ಇನ್ನೂ ಕೆಲವು ವಾರ ಬರಬೇಕಂತೆ. ಬರುತ್ತೇನೆ, ಶೀಟು ಈಗ ನಾರುವುದಿಲ್ಲ.

ಸಂಜೆ ಮನೆಯಲ್ಲಿ ಅಕ್ಕ ಕುತ್ತಿಗೆ ಹಿಡಿದುಕೊಂಡು ಮುಲುಗುತ್ತಿದ್ದಳು. ಗಂಟು ಹೊತ್ತವಳು ಅವಳೇ ತಾನೇ ಇಷ್ಟು ದಿನ. ನೋಡಲು ಆಗಲಿಲ್ಲ, ಮುಲುಕು ಕೇಳಲಂತೂ ಆಗಲೇ ಇಲ್ಲ. ಸ್ಟೂಲಿನ ಮೇಲೆ ಕೂರಿಸಿ ಅಡುಗೆಯ ಎಣ್ಣೆಯನ್ನೇ ಅಂಗೈಗೆ ಸುರಿದುಕೊಂಡು ಬೆಚ್ಚಗೆ ತಿಕ್ಕಿದೆ.

"ಎಲ್ಲಿ ನೋವು? ಆಪರೇಷನ್ ಏನಾದ್ರೂ ಆಗಿದ್ಯಾ? ಗರ್ಭಿಣಿಯಾ?"

"ಥೂ ಇವಳ!"

"ಒತ್ತಡ ಸರಿ ಇದ್ಯಾ? ಹತ್ತರಲ್ಲಿ ಎಷ್ಟು?"

"ಎರಡು."

"ಸುಳ್ಳು ಹೇಳಬೇಡ."

"ಎಂಟು. ನಿಧಾನಕ್ಕೆ ಮಾಡೇ."

ಅಕ್ಕನ ಕುತ್ತಿಗೆಯಲ್ಲಿ ಕಲ್ಲಿನಂಥ ಗಂಟುಗಳಿದ್ದವು. ಬೆವರು, ಎಣ್ಣೆ, ಉದುರಿದ ಕೂದಲು ಎಲ್ಲ ಸೇರಿ ನನ್ನ ಬೆರಳ ಸಂದಿಗೆ ಅಂಟಿಕೊಂಡಿತು. ಹೇಸಿಗೆ. ಹೆಬ್ಬೆರಳು ದಿನವೆಲ್ಲ ಇದನ್ನು ಹೇಗೆ ಮಾಡುತ್ತಾಳೋ. ನಾನು ಗಂಟು ಹುಡುಕಿ, ಒತ್ತಿ ಹಿಡಿದುಕೊಂಡು, ಅದು ಸಡಿಲವಾಗುವ ತನಕ ಕಾದೆ.

ಅಕ್ಕ ತಿರುಗದೆಯೇ ಕೇಳಿದಳು. "ನಿಜ ಹೇಳ್ತೀಯಾ? ನಾನು ನಾರ್ತಿದೀನಾ?"

ಶೀಟು ಮೂಸುವ ಹಾಗೆಯೇ ಬಗ್ಗಿ ಅವಳ ಕಿವಿಯ ಹಿಂದೆ ಮೂಗಿಟ್ಟೆ. ಉಸಿರೆಳೆದೆ.

"ನಾರ್ತಿದೀಯ," ಅಂದೆ. "ಬೆವರು, ಸೋಡಾ, ತೊಳೀದೇ ಇರೋ ತಲೆ." ಇನ್ನೊಂದು ಸಲ ಮೂಸಿದೆ. "ಈರುಳ್ಳಿ ಹೆಚ್ಚಿ ಕೈ ತೊಳ್ಕೊಂಡಿಲ್ಲ."

ಅಕ್ಕ ಜೋರಾಗಿ ನಕ್ಕಳು, ಹೆಗಲು ಕುಲುಕುವ ಹಾಗೆ. ತನ್ನ ಕುತ್ತಿಗೆ ಸವರಿಕೊಂಡು, ಅದೇ ಎಣ್ಣೆಗೈಯನ್ನು ಹಿಂದಕ್ಕೆ ಚಾಚಿ, ಮೊದಲಿನ ಹಾಗೆ ನನ್ನ ಕೆನ್ನೆ ಹಿಂಡಿದಳು. ಥೂ, ಮುಖವೆಲ್ಲ ಜಿಡ್ಡು. ಒರೆಸಿಕೊಳ್ಳೋಣವೆಂದರೆ ನನ್ನ ಎರಡೂ ಕೈ ಅವಳ ಹೆಗಲ ಮೇಲಿದ್ದವು.